ಸಾಹೇಬ ಕುಡಿದ ಮೂರು ಗ್ಲಾಸು ದ್ರಾಕ್ಷಿರಸ

ನನಗೆ ಈಗ ಅರುವತ್ತೇಳು. ಓದಿದ್ದು ಎಸ್ಸೆಸ್ಸೆಲ್ಸಿ. ಕುವೈತಿಗೆ ಬಂದು ಮೂವತ್ತೊಂದು ವರ್ಷವಾಯಿತು, ಅದರಲ್ಲಿ ಇಪ್ಪತ್ತೆರಡು ವರ್ಷ ಸಾಲ್ಮಿಯಾದ ಕಡಲ ದಂಡೆಯ ಒಂದೇ ಮೀನಿನ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಾನು ಮಾಡಿದ ಒಂದು ತಪ್ಪಿನ ವಿಷಯ. ಕೊಲೆಯಲ್ಲ, ಕಳ್ಳತನವೂ ಅಲ್ಲ. ಒಬ್ಬ ಸಜ್ಜನನನ್ನು, ಒಂದು ತೊಟ್ಟು ಮದ್ಯವೂ ಇಲ್ಲದೆ, ಹತ್ತೊಂಬತ್ತು ದಿನ ಕುಡುಕನನ್ನಾಗಿ ಮಾಡಿ ಇಟ್ಟಿದ್ದೆ.

ಆ ಸಜ್ಜನ ನಮ್ಮ ಹೋಟೆಲಿನ ಅಡುಗೆಯವನು. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಐದು ವರ್ಷ ಚಿಕ್ಕವನು, ಐದು ಹೊತ್ತಿನ ನಮಾಜು ತಪ್ಪಿಸದವನು. ನಾನು ಅವನನ್ನು ಸಾಹೇಬ ಎನ್ನುತ್ತೇನೆ, ಅವನು ನನ್ನನ್ನು ಅಣ್ಣ ಎನ್ನುತ್ತಾನೆ. ಮಹಬೂಲಾದಲ್ಲಿ ನಮಗಿಬ್ಬರಿಗೂ ಸೇರಿ ಒಂದು ಕೋಣೆ: ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಮಿಕ್ಸಿ. ನನಗೆ ಅಡುಗೆ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆ ಸಾಹೇಬನ ಕೈಯಲ್ಲಿದೆ.

ಸೋಮವಾರ ಮಾತ್ರ ನಾನು ಮೀನು ತಿನ್ನುವುದಿಲ್ಲ. ಅದು ಅಮ್ಮ ಚಿಕ್ಕಂದಿನಲ್ಲಿ ಹಿಡಿಸಿದ ಶಿವನ ವಾರ. ಹೋಟೆಲಿನಲ್ಲಿ ಬೆಳಗಿನಿಂದ ಮೀನಿನ ತಟ್ಟೆ ಹೊತ್ತರೂ ಆ ದಿನ ಬಾಯಿಗೆ ಹಾಕುವುದಿಲ್ಲ. ಅದಕ್ಕೆಂದೇ ಸಾಹೇಬ ಕೋಣೆಯಲ್ಲಿ ಬೇರೆ ಬಾಣಲೆ ಇಟ್ಟಿದ್ದಾನೆ, ಹಿಡಿಗೆ ಕೆಂಪು ದಾರ ಕಟ್ಟಿ. ಸೋಮವಾರ ಗಂಜಿ, ಒಂದು ಪಲ್ಯ, ಕೆಂಪು ಚಟ್ನಿ. ಆ ಚಟ್ನಿಯಂಥ ಚಟ್ನಿಯನ್ನು ನಮ್ಮೂರಿನ ಯಾವ ಭಟ್ಟರ ಮನೆಯಲ್ಲೂ ನಾನು ತಿಂದಿಲ್ಲ.

ನಮ್ಮ ಯಜಮಾನ ಕುವೈತಿ. ನಮ್ಮ ಕಫೀಲನೂ, ಅಂದರೆ ವೀಸಾಕ್ಕೆ ಜವಾಬ್ದಾರನೂ, ಅವನೇ. ನಲವತ್ತೈದರ ಉತ್ಸಾಹಿ, ಮನಸ್ಸು ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಪ್ರವಾಸ ಹೋದವನು ಒಂದು ಹುಚ್ಚು ಹಿಡಿಸಿಕೊಳ್ಳದೆ ವಾಪಸು ಬರುವುದಿಲ್ಲ. ಒಂದು ವರ್ಷ ಟರ್ಕಿಯಿಂದ ಬಂದು ನಮಗೆಲ್ಲ ಕೆಂಪು ಟೋಪಿ ಹಾಕಿಸಿದ. ಇನ್ನೊಂದು ವರ್ಷ ಜಪಾನಿನಿಂದ ಬಂದು ನೆಲದಿಂದ ಒಂದು ಗೇಣು ಎತ್ತರದ ಮೇಜು ಮಾಡಿಸಿದ. ಹೊಟ್ಟೆಯಿರುವ ಗಿರಾಕಿಗಳು ಊಟ ಮುಗಿಸಿದ ಮೇಲೆ ಅವರನ್ನು ಎಬ್ಬಿಸಲು ಒಬ್ಬೊಬ್ಬರಿಗೆ ಇಬ್ಬರಂತೆ ನಾವು ಬೇಕಾಗುತ್ತಿದ್ದೆವು. ಈ ವರ್ಷ ಅವನು ಹೋದದ್ದು ಕೆನಡಾದ ಪೂರ್ವ ತುದಿಗೆ, ಅಟ್ಲಾಂಟಿಕ್ ಕಡಲ ದಂಡೆಗೆ.

ಬಂದವನೇ ನಮ್ಮನ್ನೆಲ್ಲ ನಿಲ್ಲಿಸಿ ಫೋನಿನಲ್ಲಿ ಚಿತ್ರ ತೋರಿಸಿದ. ಮಂಜು, ಮರದ ದೋಣಿ, ಇಳಿತದ ಹೊತ್ತಿಗೆ ಮೈಲು ದೂರ ಹಿಂದೆ ಸರಿದು ದೋಣಿಗಳನ್ನು ಕೆಸರಿನಲ್ಲಿ ಕೂರಿಸುವ ಕಡಲು. ಹಿಂದೆ ಸೇಬು ಬೆಳೆಯುತ್ತಿದ್ದ ಗುಡ್ಡಗಳಲ್ಲಿ ಈಗ ವೈನಿನ ದ್ರಾಕ್ಷಿ ಹಾಕಿದ್ದಾರೆ. ಅಲ್ಲಿಯ ಬಿಸಿಲಿಗೆ ದ್ರಾಕ್ಷಿ ಪೂರ್ತಿ ಸಿಹಿಯಾಗುವುದಿಲ್ಲ, ಹುಳಿ ಉಳಿಯುತ್ತದೆ. ಆ ಹುಳಿಯೇ ಅದರ ಹೆಚ್ಚುಗಾರಿಕೆಯಂತೆ. ಅಲ್ಲಿಯ ಲಾಬ್‌ಸ್ಟರಿಗೂ, ಸ್ಕ್ಯಾಲಪ್ ಎನ್ನುವ ನಮ್ಮ ಮರುವಾಯಿಯ ದೊಡ್ಡಣ್ಣನಂಥ ಚಿಪ್ಪುಮೀನಿಗೂ ಅದೇ ಜೋಡಿ ಎಂದು ಜಗತ್ತು ಈಗ ಹೊಗಳುತ್ತಿದೆಯಂತೆ. ಇದನ್ನು ಹೇಳುವಾಗ ನಮ್ಮ ಯಜಮಾನನ ಕಣ್ಣಲ್ಲಿ ನೀರಿತ್ತು.

ವೈನು ಇಲ್ಲಿಗೆ ತರುವಂತಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಅಲ್ಲಿಯ ಒಂದು ಕುಟುಂಬ ಅದೇ ದ್ರಾಕ್ಷಿಯ ರಸವನ್ನು ಹುಳಿ ಬರಿಸದೆ, ಬರೀ ರಸವಾಗಿಯೇ ಬಾಟಲಿಗೆ ತುಂಬುತ್ತದೆ. ಅಂಥ ಅರುವತ್ತು ಪೆಟ್ಟಿಗೆ ಬಂದಿಳಿಯಿತು. ಪ್ರತಿ ಬಾಟಲಿಯ ಮೇಲೆ ಮದ್ಯಸಾರ ಇಲ್ಲ ಎಂದು ಅರಬಿಯಲ್ಲಿ ಚೀಟಿ ಅಂಟಿಸಿತ್ತು. ಸಾಹೇಬ ಅದನ್ನು ಬೆರಳಿಟ್ಟು ಎರಡು ಸಲ ಓದಿಯೇ ಪೆಟ್ಟಿಗೆಯನ್ನು ಅಡುಗೆಮನೆಯ ಒಳಗೆ ಬಿಟ್ಟದ್ದು.

ಪ್ರತಿ ಶುಕ್ರವಾರ ಮಧ್ಯಾಹ್ನ, ಜುಮ್ಮಾ ನಮಾಜು ಮುಗಿಸಿ ಕುಟುಂಬಗಳು ಊಟಕ್ಕೆ ಬರುವ ಹೊತ್ತಿಗೆ, 'ತಂಪು ಕರಾವಳಿಯ ಊಟ' ಎಂದು ಶುರುವಾಯಿತು. ತಂಪು ನಿಜವಾಗಿ ಇರಬೇಕು ಎಂದು ಯಜಮಾನ ಏಸಿಯನ್ನು ಹದಿನಾರಕ್ಕೆ ಇಳಿಸಿದ. ಹೊರಗೆ ಸೆಪ್ಟೆಂಬರಿನ ಬಿಸಿಲಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಬಡಿಸುವವರ ಕುತ್ತಿಗೆಗೆ ಉಣ್ಣೆಯ ಮಫ್ಲರು. ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಹಿರಿಯರು ಹಲ್ಲು ಕಟಕಟ ಎನ್ನಿಸುತ್ತ ಡ್ರೈವರನಿಗೆ ಫೋನು ಮಾಡಿ ಕಾರಿನಿಂದ ಜಾಕೆಟ್ ತರಿಸುತ್ತಿದ್ದರು. ನಾನು ಬಾಗಿಲಾಚೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಕವಿದು ಏನೂ ಕಾಣುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಮಂಜೂ ಇತ್ತು ಅನ್ನಿ.

ಮೇಜಿನ ಪಕ್ಕ ನಿಂತು ರಸದ ಗುಣಗಾನ ಮಾಡುವ ಕೆಲಸ ಹಿರಿಯನೆಂದು ನನಗೆ ಬಂತು. ಪೆಟ್ಟಿಗೆಯ ಜೊತೆ ಇಂಗ್ಲಿಷಿನ ಕಾಗದವಿತ್ತು. ಅದನ್ನು ಉರು ಹೊಡೆದು ನನ್ನ ಅಡುಗೆಮನೆಯ ಅರಬಿಗೆ ತಿರುಗಿಸಿ ಒಪ್ಪಿಸುತ್ತಿದ್ದೆ: ಮೂಗಿಗೆ ಹಸಿರು ಸೇಬು, ನಾಲಿಗೆಗೆ ಒದ್ದೆ ಕಲ್ಲು, ಕೊನೆಯಲ್ಲಿ ಕಡಲ ಗಾಳಿ. ಹೇಳುತ್ತ ಹೇಳುತ್ತ ನನಗೆ ಸೊಕ್ಕು ಬಂತು. ನಾನು ಆ ಗುಡ್ಡಗಳಲ್ಲೇ ಹುಟ್ಟಿದವನ ಹಾಗೆ ಗ್ಲಾಸನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವುದನ್ನು ಕಲಿತೆ.

ಸಾಹೇಬನಿಗೆ ಇದನ್ನು ಸಹಿಸಲಾಗಲಿಲ್ಲ. ಅವನ ವಾದ ಸರಿಯಾಗಿಯೇ ಇತ್ತು.

"ಅಣ್ಣ, ಮೀನಿಗೆ ಹುಳಿ ಬೇಕು ಅಂತ ಹೇಳ್ಲಿಕ್ಕೆ ಕೆನಡಾದಿಂದ ಪೆಟ್ಟಿಗೆ ಬರ್ಬೇಕಾ? ನನ್ನ ಉಮ್ಮ ಅಂಬಟೆ ಹಾಕ್ತಿದ್ರು, ನಿಮ್ಮಮ್ಮ ಬಿಂಬುಳಿ ಹಾಕ್ತಿದ್ರು. ಇಷ್ಟೇ ಅಲ್ವಾ ಸಂಗತಿ?"

"ಅದು ಬೇರೆ ಹುಳಿ, ಇದು ಬೇರೆ ಹುಳಿ ಮಾರಾಯ. ಇದರಲ್ಲಿ ಒದ್ದೆ ಕಲ್ಲಿನ ರುಚಿ ಉಂಟು."

"ಒದ್ದೆ ಕಲ್ಲು ಯಾವಾಗ ನೆಕ್ಕಿದ್ದು ನೀವು?"

ಅಡುಗೆಮನೆಯಲ್ಲಿದ್ದ ಅಷ್ಟೂ ಜನ ನಕ್ಕರು. ಅಲ್ಲಿಗೂ ಅವನು ಬಿಡಲಿಲ್ಲ. ಸೌಟನ್ನು ಗ್ಲಾಸಿನಂತೆ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನನ್ನದೇ ದನಿಯಲ್ಲಿ, "ಈ ಸಾರಿನಲ್ಲಿ ಮೂಗಿಗೆ ಬೆಳ್ಳುಳ್ಳಿ, ನಾಲಿಗೆಗೆ ಮೆಣಸು, ಕೊನೆಯಲ್ಲಿ ಮಹಬೂಲಾ ಬಸ್‌ಸ್ಟಾಪಿನ ಗಾಳಿ" ಎಂದ. ಪಾತ್ರೆ ತೊಳೆಯುವ ಬಂಗಾಳಿ ಭಾಯಿಗೆ ಕನ್ನಡ ಒಂದಕ್ಷರ ಗೊತ್ತಿಲ್ಲ, ಅವನೂ ಹೊಟ್ಟೆ ಹಿಡಿದು ನಕ್ಕ. ಆ ನಗು ನನಗೆ ಚುಚ್ಚಿತು. ಅರುವತ್ತೇಳು ವರ್ಷದ ಮನುಷ್ಯನಿಗೆ ಚುಚ್ಚಬಾರದಿತ್ತು. ಆದರೆ ಚುಚ್ಚಿತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಸಾಹೇಬ ಎಷ್ಟೋ ವರ್ಷದಿಂದ ಉಮ್ರಾ ಯಾತ್ರೆಗೆ ಮಕ್ಕಾಕ್ಕೆ ಹೋಗಬೇಕೆಂದಿದ್ದ. ಒಂದು ವರ್ಷ ಜಪಾನಿನ ಮೇಜು ಅಡ್ಡ ಬಂತು, ಒಂದು ವರ್ಷ ಅವನ ಮಂಡಿನೋವು, ಒಂದು ವರ್ಷ ಕೊರೊನಾ. ಈ ಸಲ ಹವಲ್ಲಿಯ ಒಂದು ಟ್ರಾವೆಲ್ ಅಂಗಡಿಯಿಂದ ಹೊರಡುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿದ್ದ. ಯಾತ್ರೆಗೆ ಉಡುವ ಎರಡು ಬಿಳಿ ಬಟ್ಟೆಗಳನ್ನು ಕೊಂಡು ತಂದು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಬಸ್ಸು ಹೊರಡುವುದಕ್ಕೆ ಇಪ್ಪತ್ತು ದಿನ ಇತ್ತು, ನಾನು ಆ ಕೆಲಸ ಮಾಡಿದಾಗ.

ಅವತ್ತು ಶುಕ್ರವಾರ. ಒಂದು ಮೇಜಿನವರಿಗೆ ರಸದಲ್ಲಿ ಗುಳ್ಳೆ ಬೇಕಾಗಿತ್ತು. ನಾನು ಫ್ರಿಜ್ಜಿನಿಂದ ನಿಂಬೆ ಸೋಡಾ ತೆಗೆದು ಬಾಟಲಿಗೆ ಸುರಿದು, ಇದು ಬೇರೆಯೇ ತಳಿ ಎಂದು ಹೇಳಿ ಬಡಿಸಿದೆ. ಇದೂ ಒಂದು ತಪ್ಪೇ, ಆದರೆ ಇಂದಿನ ಲೆಕ್ಕದಲ್ಲಿ ಇದು ಚಿಲ್ಲರೆ. ಉಳಿದದ್ದನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಮರೆತೆ. ಊಟದ ಗಲಾಟೆ ಮುಗಿದು ಮೂರೂವರೆಗೆ ಅಡುಗೆಮನೆಗೆ ಬಂದಾಗ ಸಾಹೇಬ ಬೆವರು ಒರೆಸಿಕೊಳ್ಳುತ್ತ ಖಾಲಿ ಬಾಟಲಿ ಹಿಡಿದು ನಿಂತಿದ್ದ.

"ಅಣ್ಣ, ಇದು ಮಾತ್ರ ಒಳ್ಳೆದುಂಟು. ನಾಲಿಗೆಗೆ ಚುಯ್ ಚುಯ್ ಆಗ್ತದೆ."

"ಎಷ್ಟು ಕುಡ್ದೆ?"

"ಮೂರು ಗ್ಲಾಸು. ಎಂತಕ್ಕೆ?"

ನನ್ನ ತಲೆಯಲ್ಲಿ ಆ ಸೌಟು, ಆ ನಗು. ನಾನು ಬಾಟಲಿ ತೆಗೆದುಕೊಂಡು ಮೂಸಿದೆ. ಮುಖ ಗಂಭೀರ ಮಾಡಿಕೊಂಡೆ.

"ಇದು ಹೋದ ಶುಕ್ರವಾರ ಬಿಚ್ಚಿದ ಬಾಟ್ಲಿ ಮಾರಾಯ. ಚೆಲ್ಲುವ ಅಂತ ಇವತ್ತು ಹೊರಗೆ ತೆಗೆದಿಟ್ಟದ್ದು. ಒಂದು ವಾರ ಉಗ್ರಾಣದ ಸೆಕೆಯಲ್ಲಿ ಕೂತಿದೆ."

"ಕೂತ್ರೆ?"

"ಹುಳಿ ಬಂದಾಗಿದೆ. ಗುಳ್ಳೆ ಯಾಕೆ ಬಂತು ಅಂತ ಆಲೋಚನೆ ಮಾಡ್ಲಿಲ್ವಾ ನೀನು? ನನ್ನಜ್ಜ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಎಂತ ಆಗ್ತಿತ್ತು? ಇದು ಒಂದು ವಾರದ್ದು."

ಇದನ್ನು ಬೇರೆ ಯಾರು ಹೇಳಿದ್ದರೂ ಸಾಹೇಬ ನಂಬುತ್ತಿರಲಿಲ್ಲ. ಆದರೆ ನನ್ನಜ್ಜ ತಾಳೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಆ ಕಥೆಗಳನ್ನು ನಾನೇ ಇಪ್ಪತ್ತೆರಡು ವರ್ಷದಿಂದ ಅವನಿಗೆ ಹೇಳಿದ್ದೆ. ಮೀನಿನ ವಿಷಯದಲ್ಲಿ ಅವನ ಮಾತು ಕೊನೆಯದು, ಹುಳಿ ಬರುವ ವಿಷಯದಲ್ಲಿ ನನ್ನದು. ಅವನು "ಅಸ್ತಗ್ಫಿರುಲ್ಲಾ" ಎಂದು ನೀರುಳ್ಳಿ ಚೀಲದ ಮೇಲೆ ಕೂತುಬಿಟ್ಟ.

ಎದುರಿನ ಗೋಡೆಗೆ ಬೆರಳು ತೋರಿಸಿ, "ಅಣ್ಣ, ಗೋಡೆ ಅಲ್ಲಾಡ್ತದೆ" ಎಂದ.

ಗೋಡೆಯ ಮೇಲೆ ಅಲ್ಲಾಡುತ್ತಿದ್ದದ್ದು ಎಕ್ಸಾಸ್ಟ್ ಫ್ಯಾನಿನ ನೆರಳು. ಹೇಳಲಿಲ್ಲ. ಬದಲಿಗೆ, "ಎಷ್ಟು ಏರಿದೆ ನೋಡುವ, ಈ ಟೈಲ್ಸಿನ ಗೆರೆ ಮೇಲೆ ನಡಿ" ಎಂದೆ. ಅವನು ಎರಡೂ ಕೈ ಅಗಲ ಮಾಡಿ ನಾಲ್ಕು ಹೆಜ್ಜೆ ನೆಟ್ಟಗೇ ನಡೆದ. ಐದನೆಯದಕ್ಕೆ ಮೀನು ತೊಳೆದ ನೀರಿನಲ್ಲಿ ಕಾಲು ಜಾರಿತು. ಅಲ್ಲಿಗೆ ಸಾಕ್ಷಿ ಸಿಕ್ಕಿತು. ಆಮೇಲೆ ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ನಾಲಿಗೆ ತೊದಲಿತು, ಕಣ್ಣು ಕೆಂಪಾಯಿತು. ಕೆನಡಾದಿಂದ ವಿಮಾನದಲ್ಲಿ ಬಂದ ಎರಡು ಜೀವಂತ ಲಾಬ್‌ಸ್ಟರುಗಳು ನೀರಿನ ತೊಟ್ಟಿಯಲ್ಲಿದ್ದವು, ಇಕ್ಕಳದಂಥ ಕೈಗಳಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು. ಸಾಹೇಬ ತೊಟ್ಟಿಯ ಮುಂದೆ ಮಂಡಿಯೂರಿ ಅವುಗಳಿಗೆ, "ನಿಮ್ಮ ಕೈಗೂ ಬೇಡಿ ಹಾಕಿದ್ರಾ? ನಿಮಗೂ ಊರು ಬಿಟ್ಟು ಬರ್ಬೇಕಾಯ್ತಾ?" ಎಂದು ಕೇಳಿ ಗಳಗಳ ಅತ್ತ. ನಾವು ನಾಲ್ಕು ಜನ ಗೋಡೆಗೆ ಒರಗಿ ಉಸಿರು ಕಟ್ಟಿ ನಗುತ್ತಿದ್ದೆವು.

ಅತ್ತು ಮುಗಿಸಿ ಅವನು ನನ್ನ ಕಡೆ ತಿರುಗಿ ಬೆರಳೆತ್ತಿದ. "ಅಣ್ಣ, ನಿಮ್ಮ ಸೋಮವಾರದ್ದು ಒಂದು ವಿಷಯ ಹೇಳ್ಲಿಕ್ಕುಂಟು ನನಗೆ. ತುಂಬ ವರ್ಷದಿಂದ ಹೊಟ್ಟೆಯಲ್ಲಿ ಉಂಟು..." ಎಂದವನು ಅಷ್ಟರಲ್ಲೇ ಮೈದಾಹಿಟ್ಟಿನ ಚೀಲಕ್ಕೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ನಾನು ಆ ಮಾತಿಗೆ ಗಮನ ಕೊಡಲಿಲ್ಲ. ನಗುವ ಕೆಲಸ ಇನ್ನೂ ಬಾಕಿ ಇತ್ತು.

ಎದ್ದ ಕೂಡಲೇ ಹೇಳಿಬಿಡುವುದೆಂದಿದ್ದೆ. ಅದು ಸೋಡಾ ಮಾರಾಯ ಎಂದರೆ ಆಯಿತು, ಅವನು ಸೌಟಿನಲ್ಲಿ ಎರಡು ಬಿಡುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಆದರೆ ಅವನು ಎದ್ದು, ಮುಖ ತೊಳೆದು, ಯಾರ ಮುಖವನ್ನೂ ನೋಡದೆ ವ್ಯಾನು ಹತ್ತಿ ಕೂತ. ಕೋಣೆಗೆ ಬಂದವನು ದಿಂಬಿನ ಕೆಳಗಿನ ಬಿಳಿ ಬಟ್ಟೆ ತೆಗೆದು, ಪೇಪರಿನಲ್ಲಿ ಸುತ್ತಿ, ಬೀರುವಿನ ಮೇಲಿಟ್ಟ.

"ಇದೆಂತ ಮಾಡುದು ನೀನು?"

"ಕುಡಿದವನ ನಮಾಜು ನಲ್ವತ್ತು ದಿನ ಸಲ್ಲುದಿಲ್ಲ ಅಂತ ನಮ್ಮ ಉಸ್ತಾದ್ರು ಚಿಕ್ಕಂದಿನಲ್ಲಿ ಹೇಳಿದ್ರು ಅಣ್ಣ. ಬಸ್ಸಿಗೆ ಇಪ್ಪತ್ತೇ ದಿನ ಉಂಟು. ಈ ಬಾಯಿ ತೆಗೆದುಕೊಂಡು ಅಲ್ಲಿಗೆ ಹೇಗೆ ಹೋಗುದು?"

ಆಗ ಹೇಳಬೇಕಿತ್ತು. ನಾನು ಹೇಳಿದ್ದು, "ಚಾ ಮಾಡ್ಲಾ?" ಎಂದು. ನನಗೆ ಚಾ ಮಾಡಲೂ ಸರಿಯಾಗಿ ಬರುವುದಿಲ್ಲ.

ಅವನು ಮರುದಿನ ಮಸೀದಿಗೆ ಹೋಗಿ ಇಮಾಮರನ್ನೇ ಕೇಳಿ ಬಂದ. ಗೊತ್ತಿಲ್ಲದೆ ಕುಡಿದದ್ದು ಪಾಪವಲ್ಲ, ನಿಶ್ಚಿಂತೆಯಿಂದ ಯಾತ್ರೆಗೆ ಹೋಗು ಎಂದರಂತೆ ಅವರು. ನನ್ನ ಎದೆಯಿಂದ ಬಂಡೆ ಇಳಿಯಿತು.

"ಮತ್ತೆಂತ? ಸರಿಯಾಯ್ತಲ್ಲ!"

"ಇಲ್ಲ ಅಣ್ಣ. ಮೊದಲನೇ ಗ್ಲಾಸು ಗೊತ್ತಿಲ್ಲದೆ ಕುಡ್ದದ್ದು. ಎರಡನೇದೂ ಹಾಗೇ. ಮೂರನೇದು ಹಾಕಿಕೊಳ್ಳುವಾಗ ನನಗೆ ಸಂಶಯ ಬಂದಿತ್ತು. ಇಷ್ಟು ರುಚಿ ಹಲಾಲ್ ಇರ್ಲಿಕ್ಕಿಲ್ಲ ಅಂತ. ಆದ್ರೂ ಕುಡ್ದೆ. ಇದನ್ನು ಇಮಾಮರಿಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು."

ನನ್ನ ನಿಂಬೆ ಸೋಡಾಕ್ಕೆ ಇಂಥ ಹೊಗಳಿಕೆ ಯಾವ ಗಿರಾಕಿಯಿಂದಲೂ ಸಿಕ್ಕಿರಲಿಲ್ಲ.

ಸಾಹೇಬ ಟ್ರಾವೆಲ್ ಅಂಗಡಿಗೆ ಫೋನು ಮಾಡಿ ಸೀಟು ಬಿಟ್ಟುಕೊಟ್ಟ. ದಿನ ಬಿಟ್ಟು ದಿನ ಉಪವಾಸ ಹಿಡಿದ. ಮತ್ತು ಒಳ್ಳೆಯವನಾದ. ಇದೇ ನನಗೆ ತೊಂದರೆಯಾದದ್ದು. ಇಪ್ಪತ್ತೆರಡು ವರ್ಷ ನನ್ನನ್ನು ಸೋಮಾರಿ, ಕಿವುಡ, ಗೊರಕೆ ಮೆಷಿನ್ ಎಂದು ಬೈದ ಬಾಯಿಯಿಂದ ಈಗ "ಅಣ್ಣ, ನೀವು ಕೂತ್ಕೊಳ್ಳಿ, ಬಟ್ಟೆ ನಾನು ಒಗೀತೇನೆ" ಎಂದು ಬರುತ್ತಿತ್ತು. ಹಮೂರ್ ಮೀನು ಸಾರು ಮಾಡಿದ ದಿನ ತಲೆಯ ತುಂಡು ಯಾವಾಗಲೂ ಅವನ ತಟ್ಟೆಗೆ ಬೀಳುತ್ತಿತ್ತು; ಅದಕ್ಕಾಗಿ ನಮ್ಮಲ್ಲಿ ಎರಡು ಸಲ ಮಾತು ಬಿಟ್ಟದ್ದೂ ಉಂಟು. ಈಗ ಆ ತಲೆಯನ್ನು ಅವನೇ ನನ್ನ ತಟ್ಟೆಗೆ ಹಾಕಿದ. ನನಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಈ ತಪ್ಪೊಪ್ಪಿಗೆಯೇ ಸುಳ್ಳಾಗುತ್ತದೆ. ಇಳಿಯಿತು. ಕಣ್ಣಿನ ಹಿಂದಿನ ಮಾಂಸವನ್ನು ಹೀರಿಯೇ ತಿಂದೆ. ತಿಂದ ಮೇಲೆ ಪಶ್ಚಾತ್ತಾಪವಾಯಿತು. ಮುಂದಿನ ವಾರ ಪುನಃ ತಲೆ ಬಂತು, ಪುನಃ ತಿಂದೆ.

ಅವನು ಉಪವಾಸವಿರುವ ದಿನ ನಾನು ಹೇಗೆ ಊಟ ಮಾಡುವುದು ಎಂದು ನಾನೂ ಗುಟ್ಟಾಗಿ ಉಪವಾಸ ಮಾಡಲು ನೋಡಿದೆ. ಮೊದಲ ದಿನ ಹನ್ನೊಂದು ಗಂಟೆಯವರೆಗೆ ನಡೆಯಿತು. ಹನ್ನೊಂದೂಕಾಲಿಗೆ ಉಗ್ರಾಣದಲ್ಲಿ ಖುಬ್ಬೂಸ್ ರೊಟ್ಟಿ ಬಾಯಿಗೆ ತುರುಕಿಕೊಂಡು ನಿಂತಾಗ ಸಾಹೇಬನೇ ಬಾಗಿಲು ತೆಗೆದ. "ಗಂಟಲಿಗೆ ಸಿಕ್ಕಿಕೊಳ್ತದೆ ಅಣ್ಣ, ನಿಧಾನ" ಎಂದು ನೀರು ತಂದುಕೊಟ್ಟ.

ಹೋಟೆಲಿಗೆ ತಟ್ಟಿದ ಪೆಟ್ಟು ಬೇರೆ. ತನ್ನ ನಾಲಿಗೆ ಕೆಟ್ಟಿದೆ ಎಂದು ಅವನು ಅಡುಗೆಯ ರುಚಿ ನೋಡುವುದನ್ನೇ ಬಿಟ್ಟ. "ನೀವು ನೋಡಿ ಹೇಳಿ ಅಣ್ಣ" ಎಂದು ಸೌಟು ನನ್ನ ಬಾಯಿಗೆ ಹಿಡಿಯುತ್ತಿದ್ದ. ನಾನು ತಿನ್ನಬಲ್ಲೆ, ರುಚಿ ನೋಡಲಾರೆ. ಇವೆರಡೂ ಬೇರೆ ಎಂದು ಗೊತ್ತಾದದ್ದು ಆಗಲೇ. ಎಲ್ಲದಕ್ಕೂ "ಒಂಚೂರು ಉಪ್ಪು ಬೇಕು" ಎನ್ನುತ್ತಿದ್ದೆ, ಏನಾದರೂ ಹೇಳಬೇಕಲ್ಲ ಎಂದು. ಹೀಗಿರುವಾಗ ಒಂದು ಶುಕ್ರವಾರ ಯಜಮಾನ ತನ್ನ ಮಾವನನ್ನು ಕರೆದುಕೊಂಡು ಬಂದ. ಜುಬೈದಿ, ಅಂದರೆ ನಮ್ಮ ಮಾಂಜಿ ಮೀನು, ದ್ರಾಕ್ಷಿರಸದ ಗೊಜ್ಜಿನಲ್ಲಿ. ಮಾವ ಒಂದು ತುತ್ತು ಇಟ್ಟು, ಮೂರು ಗ್ಲಾಸು ನೀರು ಕುಡಿದು, ಅಳಿಯನನ್ನು ದಿಟ್ಟಿಸಿದ. ನಾನು ಮಫ್ಲರು ಸರಿಮಾಡಿಕೊಂಡು, "ಕೊನೆಯಲ್ಲಿ ಕಡಲಿನ ರುಚಿ ಬರುತ್ತದೆ" ಎಂದೆ.

"ಕೊನೆಯಲ್ಲಿ ಅಲ್ಲ, ಮೊದಲಿಂದಲೇ ಬರುತ್ತಿದೆ" ಎಂದ ಮಾವ.

ಯಜಮಾನ ಅಡುಗೆಮನೆಗೆ ಬಂದ. ಸಾಹೇಬನನ್ನು ಬೈಯಲಿಲ್ಲ. "ಏನಾಯಿತು ನಿನಗೆ? ಆರೋಗ್ಯ ಸರಿಯಿಲ್ಲವೇ?" ಎಂದು ಕೇಳಿದ. ಸಾಹೇಬ ನೆಲ ನೋಡುತ್ತ, "ನನ್ನದೇ ತಪ್ಪು ಸರ್" ಎಂದ. ನಾನು ಅವನ ಹಿಂದೆಯೇ ನಿಂತಿದ್ದೆ. ಕನ್ನಡಕ ಒರೆಸುತ್ತಿದ್ದೆ. ಅಷ್ಟು ಹೊತ್ತು ಕನ್ನಡಕ ಒರೆಸಿದವರು ಕುವೈತಿನಲ್ಲಿ ಯಾರೂ ಇರಲಾರರು.

ಬಸ್ಸು ಗುರುವಾರ. ಅದರ ಹಿಂದಿನ ದಿನ ಬುಧವಾರ ಬೆಳಿಗ್ಗೆ ನಾವಿಬ್ಬರೂ ಎಂದಿನಂತೆ ಶರ್ಕಿನ ಮೀನು ಮಾರುಕಟ್ಟೆಗೆ ಹೋದೆವು. ಮೀನು ಆರಿಸುವಾಗ ಸಾಹೇಬನನ್ನು ನೀವು ನೋಡಬೇಕು. ಅವನು ಮೀನು ಮುಟ್ಟುವುದಕ್ಕೆ ಮೊದಲೇ ಮಾರುವವನು ಹೆದರುತ್ತಾನೆ. ಕಿವಿರು ಎತ್ತಿ, ಕಣ್ಣು ನೋಡಿ, ಇದು ನಿನ್ನೆ ಮಧ್ಯಾಹ್ನದ್ದು, ಇದು ಮೊನ್ನೆಯದಕ್ಕೆ ನೀರು ಚಿಮುಕಿಸಿದ್ದು ಎಂದು ಹೇಳಿಬಿಡುತ್ತಾನೆ. ಅವತ್ತು ಅವನು ಒಂದು ಜುಬೈದಿ ಎತ್ತಿ ಮೂಸಿದ, ಪುನಃ ಮೂಸಿದ. ಆಮೇಲೆ ಎರಡೂ ಅಂಗೈ ಮೇಲೆ ಅದನ್ನು ಇಟ್ಟುಕೊಂಡು ನನ್ನ ಮುಂದೆ ಹಿಡಿದ.

"ತಾಜಾ ಉಂಟಾ ಅಣ್ಣ? ನನಗೆ ಧೈರ್ಯ ಸಾಕಾಗುದಿಲ್ಲ."

ನನಗೆ ಮೀನಿನ ತಲೆ ಯಾವುದು ಬಾಲ ಯಾವುದು ಎನ್ನುವುದರಾಚೆ ಏನೂ ತಿಳಿಯದು ಎಂದು ಅವನಿಗೆ ಗೊತ್ತು. ಆದರೂ ಕೇಳಿದ. ಆ ಜುಬೈದಿಯ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಅದು ಸೋಡಾ" ಎಂದೆ.

"ಯಾವುದು?"

"ಆ ಬಾಟ್ಲಿ. ವಾರ ಹಳೆಯದ್ದಲ್ಲ, ಅವತ್ತಿನದ್ದೇ. ನಾನೇ ನಿಂಬೆ ಸೋಡಾ ಹಾಕಿದ್ದು. ಹುಳಿಯೂ ಬರ್ಲಿಲ್ಲ, ಎಂತದೂ ಬರ್ಲಿಲ್ಲ. ನೀನು ನನ್ನನ್ನು ಅಣಕಿಸಿದ್ದಿ ಅಂತ ಸಿಟ್ಟಲ್ಲಿ ಹೇಳಿದ್ದು."

ಮಾರುವವನು, ಇಬ್ಬರು ಗಿರಾಕಿಗಳು, ನಾನು, ಜುಬೈದಿ, ಎಲ್ಲರೂ ಕಾದೆವು. ಸಾಹೇಬ ಮೀನನ್ನು ಅಂಗೈಯಲ್ಲೇ ಇಟ್ಟುಕೊಂಡು ಕೇಳತೊಡಗಿದ.

"ಗೋಡೆ ಅಲ್ಲಾಡಿತಲ್ಲ?"

"ಫ್ಯಾನಿನ ನೆರಳು."

"ಕಾಲು ಜಾರಿತಲ್ಲ?"

"ಮೀನಿನ ನೀರು."

"ಮತ್ತೆ ನಾನು ಆ ಲಾಬ್‌ಸ್ಟರಿನ ಎದುರು ಅತ್ತದ್ದು?"

"ಅದು ನಿನಗೇ ಗೊತ್ತು ಮಾರಾಯ."

ಅವನ ಮುಖ ಕೆಂಪಾಯಿತು. ಪಾಪ, ನಲವತ್ತು ದಿನ, ಬಸ್ಸು, ಇದ್ಯಾವುದೂ ಮೊದಲು ಬಾಯಿಗೆ ಬರಲಿಲ್ಲ. ಅವನು ಕೂಗಿದ್ದು, "ಹಮೂರಿನ ತಲೆ! ಎರಡು ತಲೆ ಕೊಟ್ಟಿದ್ದೇನೆ ನಿಮಗೆ! ಕಕ್ಕಿ ಈಗ!" ಎಂದು. ಕೂಗಿ, ಕೈಯಲ್ಲಿದ್ದ ಜುಬೈದಿಯಿಂದ ನನ್ನ ಹೆಗಲಿಗೆ ಒಂದು ಬಿಟ್ಟ. ತಣ್ಣಗಿತ್ತು. ಮಾರುವವನು, "ಖಲಾಸ್, ಇದನ್ನು ನೀವೇ ತೆಗೆದುಕೊಳ್ಳಬೇಕು" ಎಂದ. ಸಾಹೇಬ ಹೊಡೆದ ಮೀನನ್ನು ತಿರುಗಿಸಿ ಕಿವಿರು ಎತ್ತಿ ನೋಡಿ, ಮಾರುವವನ ಮುಖಕ್ಕೇ ಹಿಡಿದು, "ಇದು ನಿನ್ನೆಯದ್ದು" ಎಂದ. ಹತ್ತೊಂಬತ್ತು ದಿನದ ಮೇಲೆ ಆ ದನಿ ಕೇಳಿ ನನಗೆ ಅಳು ಬಂತು.

ಆದರೆ ಮಾಫಿ ಕೊಟ್ಟೆ ಎಂದು ಅವನು ಹೇಳಲಿಲ್ಲ. "ಯಲ್ಲಾ, ಹವಲ್ಲಿಗೆ" ಎಂದಷ್ಟೇ ಹೇಳಿ ವ್ಯಾನು ಹತ್ತಿದ.

ಟ್ರಾವೆಲ್ ಅಂಗಡಿಯವನು ಉಳ್ಳಾಲದವನು. ಮರುದಿನ ಬಸ್ಸಲ್ಲವೇ, ಅಂಗಡಿಯ ತುಂಬ ಯಾತ್ರೆಯವರು, ನಮ್ಮ ಊರಿನ ಕಡೆಯವರೇ ಹೆಚ್ಚು. ಕಿಟಕಿ ಪಕ್ಕದ ಆ ಸೀಟು ಬೇರೆಯವರಿಗೆ ಹೋಗಿ ಎರಡು ವಾರವಾಗಿತ್ತು. ನಾವು ಕೈಯಲ್ಲಿ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆ ಹಿಡಿದು ನಿಂತೆವು. ವ್ಯಾನಿನಲ್ಲಿ ಬಿಟ್ಟರೆ ಬಿಸಿಲಿಗೆ ಕೆಡುತ್ತದೆ ಎಂದು ಸಾಹೇಬ ಬಿಟ್ಟು ಬರಲು ಒಪ್ಪಿರಲಿಲ್ಲ. ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ಸೀಟು ಯಾಕೆ ಬಿಟ್ಟದ್ದು, ಈಗ ಯಾಕೆ ಬೇಕು?" ಎಂದು ಅಂಗಡಿಯವನು ಕೇಳಿದ.

"ಇವರು ಹೇಳ್ತಾರೆ. ಜೋರಾಗಿ ಹೇಳ್ತಾರೆ" ಎಂದ ಸಾಹೇಬ ಕುರ್ಚಿಯಲ್ಲಿ ಕೂತು ಕೈ ಕಟ್ಟಿದ.

ಹೇಳಿದೆ. ಒದ್ದೆ ಕಲ್ಲು, ಸೌಟು, ಸೋಡಾ, ಅಜ್ಜನ ಕಳ್ಳು, ಎಲ್ಲ. ಲಾಬ್‌ಸ್ಟರಿನ ಭಾಗ ಬಿಟ್ಟುಬಿಡಲು ನೋಡಿದೆ. "ಅದನ್ನೂ ಹೇಳಿ, ಅದು ನನ್ನ ಪಾಲಿನದ್ದು" ಎಂದ ಅವನೇ. ಅರ್ಧ ಅಂಗಡಿ ನಗುತ್ತಿತ್ತು, ಇನ್ನರ್ಧ ನನ್ನನ್ನು ನುಂಗುವ ಹಾಗೆ ನೋಡುತ್ತಿತ್ತು. ಒಬ್ಬರು ಮುದುಕಿ, "ಇಷ್ಟು ವಯಸ್ಸಾಗಿ ನಿಮಗೆ ಬುದ್ಧಿ ಬೇಡ್ವಾ?" ಎಂದು ನೇರವಾಗಿಯೇ ಕೇಳಿದರು. ಬೇಕಿತ್ತು ಎಂದೆ. ನನಗೆ ಅವತ್ತು ಆದಷ್ಟು ನಾಚಿಕೆ ಇಡೀ ಜೀವಮಾನದಲ್ಲಿ ಆಗಿಲ್ಲ; ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡನೇ ಸಲ ಕೂತಾಗಲೂ ಆಗಿರಲಿಲ್ಲ.

ಅಂಗಡಿಯವನು ಕಣ್ಣೊರೆಸಿಕೊಂಡು ಪಟ್ಟಿ ನೋಡಿದ. "ಕೊನೇ ಸಾಲಿನ ನಡು ಸೀಟು ಒಂದುಂಟು. ಹಿಂದಕ್ಕೆ ಬಾಗುದಿಲ್ಲ, ಅಡಿಯಲ್ಲಿ ಎಂಜಿನ್ ಬಿಸಿ."

"ಇಪ್ಪತ್ತೆರಡು ವರ್ಷ ಒಲೆ ಮುಂದೆ ನಿಂತವನಿಗೆ ಎಂಜಿನ್ ಬಿಸಿಯಾ? ಬರೀರಿ" ಎಂದ ಸಾಹೇಬ.

ಗುರುವಾರ ಮಧ್ಯಾಹ್ನ ಬಸ್ಸಿನವರೆಗೂ ಅವನ ಚೀಲ ನಾನೇ ಹೊತ್ತೆ. ಬಿಳಿ ಬಟ್ಟೆಗಳನ್ನು ಬೀರುವಿನ ಮೇಲಿನಿಂದ ಇಳಿಸಿ ಪುನಃ ಇಸ್ತ್ರಿ ಹಾಕಿ ಕೊಟ್ಟಿದ್ದೆ. ಒಂದು ಮೂಲೆ ಒಂಚೂರು ಕಂದಿತು, ಅವನು ಅದಕ್ಕೂ ಬೈದ. ಬಸ್ಸು ಶುರುವಾದಾಗ ಅವನು ಹಿಂದಿನ ಕಿಟಕಿಗೆ ಇಬ್ಬರನ್ನು ದಾಟಿ ತಲೆ ಹಾಕಿದ.

"ಅಣ್ಣ, ನಿಮಗೆ ಮಾಫಿ ಕೊಟ್ಟಿದ್ದೇನೆ. ಮನಸ್ಸಿನಲ್ಲಿ ಎಂತದೂ ಇಟ್ಟುಕೊಂಡು ಹೋಗ್ಲಿಕ್ಕಿಲ್ಲ ಅಲ್ಲಿಗೆ. ಹಾಗೆ ನೀವೂ ನನಗೆ ಕೊಡ್ಬೇಕು."

"ನಿನಗೆಂತದ್ದು ಮಾಫಿ?"

"ಸೋಮವಾರದ ಚಟ್ನಿಯದ್ದು" ಎಂದ ಅವನು. "ಕೊಟ್ಟಿದ್ದೇನೆ ಅನ್ನಿ, ಬಸ್ಸು ಹೊರಟಿತು!"

"ಕೊಟ್ಟೆ ಮಾರಾಯ, ಕೊಟ್ಟೆ! ಚಟ್ನಿಯಲ್ಲಿ ಎಂತ ಇತ್ತು?"

ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದನೋ. ಕೈ ಬೀಸಿದ. ಹಲ್ಲು ಕಾಣುತ್ತಿತ್ತು.

ಕೋಣೆಗೆ ಬಂದವನು ಅವನ ಡಬ್ಬಗಳನ್ನು ಒಂದೊಂದಾಗಿ ತೆಗೆದು ಮೂಸಿದೆ. ಮೆಣಸು, ಹುಣಸೆ, ಕೊತ್ತಂಬರಿ. ಒಂದು ಡಬ್ಬದಲ್ಲಿ ಒಣ ಸಿಗಡಿ ಇತ್ತು, ನಿಜ. ಆದರೆ ಮಂಗಳೂರು ಕಡೆಯ ಯಾವ ಅಡುಗೆಯವನ ಹತ್ತಿರ ಒಣ ಸಿಗಡಿ ಇರುವುದಿಲ್ಲ? ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಸೋಮವಾರ ಎಂದು ಗುಣಿಸಲು ಹೊರಟೆ. ಗಣಿತ ಆಗಲೂ ಬರುತ್ತಿರಲಿಲ್ಲ, ಈಗಲೂ ಬರಲಿಲ್ಲ. ಅವನು ಹೇಳಿದ್ದು ನಿಜವೋ, ನನ್ನ ಸೋಡಾಕ್ಕೆ ಕೊಟ್ಟ ಬದಲೋ? ಆದರೆ ಮೈದಾ ಚೀಲಕ್ಕೆ ತಲೆಯಿಡುವ ಮೊದಲು ಅವನು ಬೆರಳೆತ್ತಿದ್ದು ನೆನಪಾಯಿತು. ಆಗ ಅವನಿಗೆ ಸೇಡು ತೀರಿಸಲು ಏನೂ ಇರಲಿಲ್ಲ. ಕುಡಿಯದೆ ಕುಡಿದವನು ಹೇಳಿದ ಮಾತನ್ನು ಎಷ್ಟು ನಂಬುವುದು ಎನ್ನುವುದಕ್ಕೆ ನನ್ನಜ್ಜನೂ ಏನೂ ಹೇಳಿಕೊಟ್ಟಿರಲಿಲ್ಲ.

ಹತ್ತು ದಿನದ ಮೇಲೆ ಅವನು ಬೋಳುತಲೆ, ಖರ್ಜೂರ, ಒಂದು ಕ್ಯಾನು ಜಮ್‌ಜಮ್ ನೀರು ತೆಗೆದುಕೊಂಡು ಬಂದ. ಮುಖದಲ್ಲಿ ಹೊಳಪು, ಬಾಯಲ್ಲಿ ಹಳೆಯ ಬೈಗಳು. ಆ ಶುಕ್ರವಾರ ತಾನೇ ರುಚಿ ನೋಡಿ ದ್ರಾಕ್ಷಿರಸವನ್ನು ಅರ್ಧಕ್ಕೆ ಕುದಿಸಿ ಇಳಿಸಿ, ಅದಕ್ಕೆ ನಾಲ್ಕು ಪುನರ್ಪುಳಿ ಸಿಪ್ಪೆ ಹಾಕಿ ಜುಬೈದಿಗೆ ಸುರಿದ. ಯಜಮಾನನ ಮಾವ ತಟ್ಟೆ ಬೆರಳಿಂದ ಒರೆಸಿ ತಿಂದ. ಕೆನಡಾದ ಕರಾವಳಿಯೆಂದರೆ ಇದು ಎಂದು ಯಜಮಾನ ಎದೆಯುಬ್ಬಿಸಿದ. ಈ ಕೊನೆಯ ಹುಳಿ ಬಂದದ್ದು ಬಂಟ್ವಾಳದಿಂದ ಎಂದು ನಾನು ಹೇಳಲಿಲ್ಲ. ಒದ್ದೆ ಕಲ್ಲು ಎಂದೂ ಹೇಳಲಿಲ್ಲ. "ಅಡುಗೆಯವರನ್ನು ಕೇಳಿ" ಎಂದೆ.

ಆಮೇಲೆ ಸೋಮವಾರ ಬಂತು. ಕೆಂಪು ದಾರದ ಬಾಣಲೆ ಒಲೆಯ ಮೇಲೇರಿತು, ಮಿಕ್ಸಿ ತಿರುಗಿತು. ಸಾಹೇಬ ಗಂಜಿ ಬಡಿಸಿ, ಚಟ್ನಿಯ ಬಟ್ಟಲು ನನ್ನ ಮುಂದಿಟ್ಟು, ಎದುರಿಗೆ ಕೂತು ನನ್ನ ಮುಖವನ್ನೇ ನೋಡತೊಡಗಿದ. ಬಾಯಿಬಿಟ್ಟು ಕೇಳಿದರೆ ಅವನು ಹೇಳುತ್ತಿದ್ದ, ಅದು ನನಗೆ ಗೊತ್ತು. ಯಾತ್ರೆಯಿಂದ ಬಂದವನು ಸುಳ್ಳು ಹೇಳುವುದಿಲ್ಲ.

"ಹೇಗುಂಟು ಅಣ್ಣ?"

ನಾನು ಮೂಸಲಿಲ್ಲ. ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟೆ.

"ಒಂಚೂರು ಉಪ್ಪು ಬೇಕು" ಎಂದೆ.